ಹೈಡ್ರಾಲಿಕ್ ವಾಲ್ವಿನೊಳಗಿನ ಫಿಲ್ಟರ್: ಉಳಿತಾಯವೆಲ್ಲಿ, ನಷ್ಟವೆಲ್ಲಿ?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆ ಆರಂಭಿಸಿದಂದಿನಿಂದ ಲೋಹದ ಕೆಲಸ ಈ ಭಾಗಕ್ಕೆ ಪರಿಚಿತವಾದುದು. ಇಂದು ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಫೌಂಡ್ರಿಗಳೂ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಘಟಕಗಳೂ ಇವೆ. ಇಂತಹ ಘಟಕಗಳ ಮೋಲ್ಡಿಂಗ್ ಯಂತ್ರ, ಪ್ರೆಸ್, ಸಿಎನ್‌ಸಿ ಲೇತಿನ ಚಕ್ ಮೊದಲಾದವು ಬಹುಮಟ್ಟಿಗೆ ಎಣ್ಣೆಯ ಒತ್ತಡದಿಂದ ನಡೆಯುತ್ತವೆ. ಆ ಎಣ್ಣೆ ಯಾವ ಕಡೆಗೆ, ಎಷ್ಟು ಹರಿಯಬೇಕೆಂಬುದನ್ನು ನಿರ್ಧರಿಸುವುದು ಕಂಟ್ರೋಲ್ ವಾಲ್ವ್. ಫೌಂಡ್ರಿಯ ಗಾಳಿಯಲ್ಲಿ ಮರಳಿನ ಧೂಳು ಸದಾ ಇರುವುದರಿಂದ ಈ ವಾಲ್ವಿನ ರಕ್ಷಣೆ ಇಲ್ಲಿ ಇನ್ನಷ್ಟು ಕಠಿಣ.

ವಾಲ್ವಿನೊಳಗೆ ಹಿಂದೆ ಮುಂದೆ ಸರಿಯುವ ಸ್ಪೂಲಿಗೂ ಅದರ ಕೊಳವೆಗೂ ನಡುವಿನ ಅಂತರ ಕೆಲವೇ ಮೈಕ್ರಾನ್. ಬರಿಗಣ್ಣಿಗೆ ಕಾಣುವ ಕಣವು ಸುಮಾರು 40 ಮೈಕ್ರಾನ್‌ಗಿಂತ ದೊಡ್ಡದಿರಬೇಕು. ಅಂದರೆ ಸ್ಪೂಲನ್ನು ಹಿಡಿದು ನಿಲ್ಲಿಸುವ ಕಣ ಯಾರ ಕಣ್ಣಿಗೂ ಬೀಳದು. ಗಾಜಿನ ಲೋಟದಲ್ಲಿ ಎಣ್ಣೆಯನ್ನು ಬೆಳಕಿಗೆ ಹಿಡಿದು ‘ಚೊಕ್ಕಟವಾಗಿದೆ’ ಎನ್ನುವ ಪರೀಕ್ಷೆಗೆ ಆದ್ದರಿಂದ ಬೆಲೆಯಿಲ್ಲ.

ಸರ್ವೊ ವಾಲ್ವ್ ಹಾಗೂ ಪೈಲಟ್ ಹಂತವುಳ್ಳ ಪ್ರೊಪೋರ್ಷನಲ್ ವಾಲ್ವ್‌ಗಳಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಅವುಗಳ ಮುಂದೆ ತಯಾರಕರು ಒಂದು ಪುಟ್ಟ ಫಿಲ್ಟರನ್ನು ಅಳವಡಿಸಿರುತ್ತಾರೆ. ಇದನ್ನೇ ‘ಲಾಸ್ಟ್ ಚಾನ್ಸ್’ ಫಿಲ್ಟರ್ ಎನ್ನುವುದು. ಪಂಪಿನಿಂದ ಉದುರಿದ ಲೋಹದ ಚೂರು, ಹೋಸ್ ಬದಲಿಸುವಾಗ ಒಳಸೇರಿದ ರಬ್ಬರ್ ತುಣುಕು ಇಂಥವನ್ನು ತಡೆಯುವುದಷ್ಟೇ ಅದರ ಕೆಲಸ. ಎಣ್ಣೆಯನ್ನು ಶುದ್ಧೀಕರಿಸುವುದು ಅದರ ಹೊಣೆಯಲ್ಲ. ಆ ಹೊಣೆ ಪ್ರೆಷರ್ ಲೈನಿನ ಮತ್ತು ರಿಟರ್ನ್ ಲೈನಿನ ದೊಡ್ಡ ಫಿಲ್ಟರುಗಳದು. ಒಳಗಿನ ಫಿಲ್ಟರ್ ಮೇಲಿಂದ ಮೇಲೆ ಕಟ್ಟಿಕೊಳ್ಳುತ್ತಿದ್ದರೆ ಹೊರಗಿನವು ಸೋತಿವೆಯೆಂದೇ ತಿಳಿಯಬೇಕು.

ಅದು ಕಟ್ಟಿಕೊಂಡಾಗ ವಾಲ್ವ್ ನಿಧಾನವಾಗುತ್ತದೆ. ಉತ್ಪಾದನೆಯ ಅವಸರದಲ್ಲಿ ಆ ಫಿಲ್ಟರನ್ನೇ ತೆಗೆದೆಸೆದು ಯಂತ್ರ ಓಡಿಸುವ ‘ಜಾಣತನ’ ಅತ್ಯಂತ ಅಪಾಯಕಾರಿ. ಕಸವು ನೇರವಾಗಿ ಪೈಲಟ್ ರಂಧ್ರವನ್ನು ಮುಚ್ಚಿದರೆ ಸ್ಪೂಲ್ ಒಂದು ತುದಿಗೆ ಸರಿದು ಅಲ್ಲಿಯೇ ನಿಲ್ಲಬಹುದು. ಯಾರೂ ಆಜ್ಞೆ ನೀಡದೆಯೇ ಪ್ರೆಸ್ಸಿನ ರ‍್ಯಾಮ್ ಚಲಿಸಬಹುದು. ಆಗ ಅಪಾಯಕ್ಕೆ ಸಿಲುಕುವುದು ಕಾರ್ಮಿಕನ ಕೈ.

ಎಣ್ಣೆಯ ಶುದ್ಧತೆಯನ್ನು ಐಎಸ್‌ಒ 4406 ಮಾನಕದ ಮೂರು ಅಂಕಿಗಳ ಸಂಕೇತದಿಂದ ಹೇಳುತ್ತಾರೆ. 18/16/13 ಎಂದರೆ ಒಂದು ಮಿಲಿಲೀಟರ್ ಎಣ್ಣೆಯಲ್ಲಿ 4 ಮೈಕ್ರಾನ್ ಮತ್ತು ಅದಕ್ಕೂ ದೊಡ್ಡ ಕಣಗಳು 1,300ರಿಂದ 2,500, 6 ಮೈಕ್ರಾನ್ ಹಾಗೂ ಮೇಲಿನವು 320ರಿಂದ 640, 14 ಮೈಕ್ರಾನ್ ಹಾಗೂ ಮೇಲಿನವು 40ರಿಂದ 80 ಎಂದರ್ಥ. ಸಂಕೇತ ಒಂದಂಕಿ ಏರಿದರೆ ಕಣಗಳ ಸಂಖ್ಯೆ ಇಮ್ಮಡಿ. ಫಿಲ್ಟರ್ ಕೊಳ್ಳುವಾಗ ‘10 ಮೈಕ್ರಾನ್’ ಎಂಬ ಮಾತೊಂದೇ ಸಾಲದು. ಬೀಟಾ ಅನುಪಾತವನ್ನು ಕೇಳಬೇಕು. ಬೀಟಾ 2 ಇರುವ ಫಿಲ್ಟರ್ ಆ ಗಾತ್ರದ ಕಣಗಳಲ್ಲಿ ಅರ್ಧವನ್ನು ಮಾತ್ರ ಹಿಡಿದರೆ, ಬೀಟಾ 200 ಇರುವುದು ಶೇ. 99.5ರಷ್ಟನ್ನು ಹಿಡಿಯುತ್ತದೆ. ಎರಡರ ಡಬ್ಬಿಯ ಮೇಲೂ 10 ಎಂದೇ ಬರೆದಿರಬಹುದು. ಅಗ್ಗದ ಕೊಟೇಶನ್ನಿನ ಗುಟ್ಟು ಹಲವು ವೇಳೆ ಇಲ್ಲಿಯೇ ಇರುತ್ತದೆ.

ಇನ್ನು ಖಾತೆಯ ವಿಚಾರ. ಫಿಲ್ಟರಿನ ಖರ್ಚು ಸ್ಟೋರ್ಸ್ ಖಾತೆಯಲ್ಲಿ ಒಂದೇ ಸಾಲಾಗಿ ಎದ್ದು ಕಾಣುತ್ತದೆ; ಕೊಳಕು ಎಣ್ಣೆಯ ನಷ್ಟ ಹತ್ತು ಖಾತೆಗಳಲ್ಲಿ ಚದುರಿಹೋಗುತ್ತದೆ. ಸ್ಪೂಲ್ ಅರ್ಧದಲ್ಲಿ ಸಿಕ್ಕಿಕೊಂಡರೆ ಎಸಿ ಸೊಲೆನಾಯ್ಡಿನ ಕಾಯಿಲ್‌ನಲ್ಲಿ ಮಿತಿಮೀರಿ ವಿದ್ಯುತ್ ಹರಿದು ಅದು ಸುಟ್ಟುಹೋಗುತ್ತದೆ. ಎಲೆಕ್ಟ್ರಿಷಿಯನ್ ಹೊಸ ಕಾಯಿಲ್ ಹಾಕುತ್ತಾನೆ, ಬಿಲ್ಲು ವಿದ್ಯುತ್ ದುರಸ್ತಿಯ ಖಾತೆಗೆ ಹೋಗುತ್ತದೆ, ಎಣ್ಣೆಯ ಮೇಲೆ ಅನುಮಾನವೇ ಬರುವುದಿಲ್ಲ. ಓವರ್‌ಟೈಮ್ ಕೂಲಿ ಖಾತೆಗೆ, ತಿರಸ್ಕೃತ ಎರಕ ಮತ್ತೆ ಕುಲುಮೆಗೆ. ಒಂದು ಕಾಲ್ಪನಿಕ ಲೆಕ್ಕ: 4,000 ರೂಪಾಯಿಯ ಎಲಿಮೆಂಟನ್ನು ವರ್ಷಕ್ಕೆ ನಾಲ್ಕರ ಬದಲು ಎರಡು ಬಾರಿ ಬದಲಿಸಿದರೆ ಉಳಿಯುವುದು 8,000. ಅದೇ ಕಾರಣಕ್ಕೆ 60,000 ರೂಪಾಯಿಯ ಒಂದು ವಾಲ್ವ್ ಕೆಟ್ಟರೆ ಏಳೂವರೆ ವರ್ಷಗಳ ಉಳಿತಾಯ ಒಂದೇ ದಿನ ಮುಗಿಯಿತು. ನಿಂತ ಪಾಳಿಯ ಕೂಲಿ ಬೇರೆ. ಆದಕಾರಣ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಪುಟ ತೆರೆದು ಫಿಲ್ಟರ್, ಎಣ್ಣೆ, ಕಾಯಿಲ್, ವಾಲ್ವ್ ಮತ್ತು ನಿಂತ ಗಂಟೆಗಳನ್ನು ಒಟ್ಟಿಗೆ ಬರೆಯುವುದು ಒಳಿತು. ಹನ್ನೆರಡು ತಿಂಗಳಿಗಿಂತ ಹೆಚ್ಚು ಅವಧಿಗೆ ಬಳಕೆಯಾಗುವ ಬಿಡಿ ವಾಲ್ವನ್ನು 2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನಕ 10ರಂತೆ ಸ್ಥಿರಾಸ್ತಿಯಾಗಿ ತೋರಿಸಬೇಕಾಗಬಹುದು. ಫಿಲ್ಟರ್ ಎಲಿಮೆಂಟ್ ಸಾಮಾನ್ಯವಾಗಿ ದಾಸ್ತಾನು.

ಹೊಸ ಎಣ್ಣೆ ಶುದ್ಧವೆಂಬ ನಂಬಿಕೆಯೂ ತಪ್ಪು. ಸೀಲು ಒಡೆಯದ ಬ್ಯಾರೆಲಿನ ಎಣ್ಣೆಯೂ ಸರ್ವೊ ವಾಲ್ವಿಗೆ ಬೇಕಾದ ಮಟ್ಟದಲ್ಲಿ ಇರದಿರುವುದು ಸಾಮಾನ್ಯ. ಮಲೆನಾಡಿನ ಮಳೆಗಾಲದಲ್ಲಿ ಬ್ಯಾರೆಲನ್ನು ಬಯಲಲ್ಲಿ ನಿಲ್ಲಿಸಿದರೆ ಮೇಲ್ಭಾಗದಲ್ಲಿ ನೀರು ನಿಲ್ಲುತ್ತದೆ. ಹಗಲು ಕಾದು ರಾತ್ರಿ ತಣಿದಾಗ ಆ ನೀರನ್ನು ಬ್ಯಾರೆಲ್ ಮುಚ್ಚಳದ ಸಂದಿನಿಂದ ಒಳಗೆಳೆದುಕೊಳ್ಳುತ್ತದೆ. ಸೂರಿನಡಿ ಇಡಲಾಗದಿದ್ದರೆ ಅಡ್ಡ ಮಲಗಿಸಿ, ಎರಡೂ ಮುಚ್ಚಳಗಳು ಎಣ್ಣೆಯ ಮಟ್ಟಕ್ಕಿಂತ ಕೆಳಗೆ ಬರುವಂತೆ ಇಡಬೇಕು. ಟ್ಯಾಂಕಿಗೆ ತುಂಬುವಾಗ ಬಕೆಟ್ಟು, ಆಲಿಕೆಗಳ ಬದಲು ಫಿಲ್ಟರ್ ಇರುವ ಟ್ರಾಲಿ ಪಂಪನ್ನು ಬಳಸತಕ್ಕದ್ದು. ಒಂದೊಂದು ಘಟಕಕ್ಕೂ ಪ್ರತ್ಯೇಕ ಟ್ರಾಲಿ ದುಬಾರಿಯೆನಿಸಿದರೆ, ಒಂದೇ ದರ್ಜೆಯ ಎಣ್ಣೆ ಬಳಸುವ ಅಕ್ಕಪಕ್ಕದ ಎರಡು ಮೂರು ಘಟಕಗಳು ಸೇರಿ ಒಂದನ್ನು ಕೊಳ್ಳಬಹುದು.