ಬ್ಯಾಟರಿ ಭಂಡಾರಗಳ ಸದ್ದು

ಬ್ಯಾಟರಿಗೆ ಸದ್ದಿಲ್ಲ. ಕೈಗಡಿಯಾರದ ಬಿಲ್ಲೆಯಿಂದ ಹಿಡಿದು ಮೋಟಾರು ಗಾಡಿಯ ಪೆಟ್ಟಿಗೆಯವರೆಗೆ ಯಾವುದಕ್ಕೆ ಕಿವಿಗೊಟ್ಟರೂ ಅದು ಮೌನಿಯೇ. ಹೀಗಿರಲು, ಇಂಥ ಸಾವಿರಾರು ಕೋಶಗಳನ್ನು ಒಟ್ಟುಗೂಡಿಸಿ ವಿದ್ಯುಚ್ಛಕ್ತಿಯನ್ನು ಶೇಖರಿಸುವ ಸ್ಥಾವರಗಳ ನೆರೆಯಲ್ಲಿ ವಾಸಿಸುವವರು ರಾತ್ರಿ ನಿದ್ರೆಯಿಲ್ಲವೆಂದು ದೂರುವುದೇಕೆ? ಭೌತಶಾಸ್ತ್ರದ ಸರಳ ನಿಯಮಗಳಿಂದಲೇ ಇದನ್ನು ವಿವರಿಸಬಹುದೆಂದು ನನಗೆ ತೋರುತ್ತದೆ.

ಇದು ದೂರದ ದೇಶದ ಮಾತಲ್ಲ. ದೆಹಲಿಯ ರೋಹಿಣಿಯಲ್ಲಿ 10 ಮೆಗಾವಾಟಿನ ಭಂಡಾರವೊಂದು 2019ರಲ್ಲೇ ಆರಂಭವಾಯಿತು. ನಮ್ಮ ಪಾವಗಡದಂಥ ಕಡೆ ಬಿಸಿಲಿನಿಂದ ದೊರೆಯುವ ವಿದ್ಯುತ್ತು ಸಂಜೆಗೆ ನಿಲ್ಲುತ್ತದೆ. ದೀಪ ಹೊತ್ತಿಸುವುದು ಮಾತ್ರ ಸಂಜೆಯ ಮೇಲೆಯೇ. ಆದ್ದರಿಂದ ಇಂಥ ಭಂಡಾರಗಳು ಹೆಚ್ಚಲೇಬೇಕು.

ಕೋಶದ ಒಳಗಿನ ತಡೆಯಿಂದಾಗಿ, ವಿದ್ಯುತ್ತು ಹರಿದಾಗಲೆಲ್ಲ ಸ್ವಲ್ಪ ಭಾಗ ಶಾಖವಾಗುತ್ತದೆ. 10 ಮೆಗಾವಾಟಿನಲ್ಲಿ ನೂರಕ್ಕೆ 3 ಭಾಗ ಹೀಗಾಯಿತೆಂದು ಇಟ್ಟುಕೊಳ್ಳೋಣ. ಅದು 300 ಕಿಲೋವಾಟ್, ಅಂದರೆ ಒಂದೊಂದು ಕಿಲೋವಾಟಿನ 300 ವಿದ್ಯುತ್ ಒಲೆಗಳನ್ನು ಒಮ್ಮೆಗೇ ಉರಿಸಿದಂತೆ! ಲಿಥಿಯಂ ಕೋಶಗಳಿಗೆ ಹಿತವಾದ ಉಷ್ಣತೆ ಸುಮಾರು 25 ಡಿಗ್ರಿ. ಬಿಸಿಯಲ್ಲಿ ಅವು ಬೇಗ ಮುಪ್ಪಾಗುತ್ತವೆ, ಮಿತಿಮೀರಿದರೆ ಹೊತ್ತಿಕೊಳ್ಳಲೂಬಹುದು. ಆದಕಾರಣ ಶೈತ್ಯಯಂತ್ರಗಳೂ ಪಂಖಗಳೂ ದುಡಿಯಬೇಕು. ನೆರೆಯವರಿಗೆ ಕೇಳುವುದು ಬಹುಮಟ್ಟಿಗೆ ಈ ಪಂಖಗಳ ಮೊರೆತ. ಪರಿವರ್ತಕದ 100 ಹರ್ಟ್ಸ್ ಗುಂಯ್‌ಕಾರ ಅದರ ಜೊತೆಗೆ ಸೇರುತ್ತದೆ.

ಸದ್ದಿನ ಲೆಕ್ಕ ವಿಚಿತ್ರ. 50 ಡೆಸಿಬೆಲಿನ ಎರಡು ಪಂಖಗಳು ಸೇರಿದರೆ 100 ಆಗುವುದಿಲ್ಲ, 53 ಆಗುತ್ತದೆ. ಹತ್ತು ಸೇರಿದರೆ 60. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೊಮ್ಮೆ ಸುಮಾರು 6 ಇಳಿಯುತ್ತದೆ. 100 ಮೀಟರಿನಲ್ಲಿ 60 ಇದ್ದರೆ 200ರಲ್ಲಿ 54, 400ರಲ್ಲಿ 48. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. 400 ಮೀಟರ್ ದೂರದ ಮನೆಯವನಿಗೂ ಇಲ್ಲಿ ನೆಮ್ಮದಿಯಿಲ್ಲ.

ಇದಕ್ಕೆ ಪರಿಹಾರ ಪಂಖದ ನಿಯಮದಲ್ಲೇ ಅಡಗಿದೆ. ಪಂಖದ ವೇಗವನ್ನು ಅರ್ಧಕ್ಕಿಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಅದು ತಿನ್ನುವ ವಿದ್ಯುತ್ತು ಎಂಟನೆಯ ಒಂದು ಭಾಗಕ್ಕೂ, ಸದ್ದು ಸುಮಾರು 15 ಡೆಸಿಬೆಲಿನಷ್ಟೂ ಇಳಿಯುತ್ತವೆ. ಗಾಳಿ ಸಾಲದೆಂದು, ಶಾಖ ಹೊರಹಾಕುವ ಜಾಲರಿಯೊಡನೆ ಅಂಥದೇ ಇನ್ನೊಂದು ಪಂಖವನ್ನು ಇಟ್ಟೆವೆನ್ನಿ. ಸದ್ದು 3 ಏರಿದರೂ ಒಟ್ಟಿನಲ್ಲಿ 12 ಉಳಿತಾಯ. ವಿದ್ಯುತ್ತೂ ಮೊದಲಿನ ಕಾಲು ಭಾಗವೇ ಸಾಕು. ಮೇಲಿನ ಉದಾಹರಣೆಯಲ್ಲಿ 200 ಮೀಟರಿನ ಮನೆಗೆ 54ರ ಬದಲು 42 ತಲಪುತ್ತದೆ. ಇಷ್ಟು ಲಾಭವಿದ್ದೂ ಎಲ್ಲರೂ ಹೀಗೆ ಮಾಡದಿರುವುದು ಏಕೆಂದರೆ, ಜಾಲರಿಗೆ ಹಣ ಬೇಕು, ಪೆಟ್ಟಿಗೆಯ ಮೇಲೆ ಜಾಗ ಬೇಕು. ಕೊಳ್ಳುವಾಗ ಉಳಿಸಿದ ಈ ಹಣವನ್ನು ನೆರೆಯವನು ತನ್ನ ನಿದ್ರೆಯಿಂದ ತೆರುತ್ತಾನೆ; ಇದು ನ್ಯಾಯವೆಂದು ನನಗನಿಸುವುದಿಲ್ಲ.

ಗೋಡೆ ಕಟ್ಟಿದರಾಗದೇ ಎಂದು ಕೇಳಬಹುದು. ಕೇಳುವವನ ಕಿವಿಗೂ ಪಂಖಕ್ಕೂ ನಡುವಣ ನೇರ ದಾರಿಯನ್ನು ಮರೆಮಾಡಿದರೆ ಮಾತ್ರ ಗೋಡೆಯಿಂದ ಪ್ರಯೋಜನ. ಪಂಖಗಳು ಪೆಟ್ಟಿಗೆಯ ನೆತ್ತಿಯ ಮೇಲಿದ್ದರೆ ಗೋಡೆ ಅದಕ್ಕಿಂತ ಎತ್ತರವಿರಬೇಕು. ತೀರ ಹತ್ತಿರ ಕಟ್ಟಿದರೋ, ಹೊರಬಿದ್ದ ಬಿಸಿಗಾಳಿಯೇ ಮರಳಿ ಒಳನುಗ್ಗಿ ಪಂಖಗಳು ಇನ್ನಷ್ಟು ವೇಗವಾಗಿ ತಿರುಗುತ್ತವೆ.

ಸ್ವರದ ಮಾತೂ ಉಂಟು. 6 ರೆಕ್ಕೆಗಳ ಪಂಖ ನಿಮಿಷಕ್ಕೆ 900 ಸುತ್ತು ತಿರುಗಿದರೆ 90 ಹರ್ಟ್ಸಿನ ಒಂದೇ ಶ್ರುತಿ ಹೊರಡುತ್ತದೆ. ಇಂಥ ಏಕಶ್ರುತಿ ಕಿವಿಯನ್ನು ಹೆಚ್ಚು ಕಾಡುವುದರಿಂದ, ಬ್ರಿಟನ್ನಿನ 2014ರ ಮಾನಕದಲ್ಲಿ ಅಳತೆಗೆ 6 ಡೆಸಿಬೆಲಿನವರೆಗೆ ಕೂಡಿಸುವ ಪದ್ಧತಿಯಿದೆ.

ಅಳೆಯುವ ಹೊತ್ತೂ ಮುಖ್ಯ. ಸಂಜೆ ವಿದ್ಯುತ್ತನ್ನು ಹೊರಬಿಟ್ಟು ಕಾದ ಕೋಶಗಳು ಕೂಡಲೇ ತಣಿಯುವುದಿಲ್ಲ. ಊರು ಮಲಗಿದ ಮೇಲೂ ಪಂಖಗಳು ತಿರುಗುತ್ತಿರುತ್ತವೆ. ಆದುದರಿಂದ ಮಾಪಕವನ್ನು ಬೇಸಿಗೆಯ ರಾತ್ರಿ, ಸ್ಥಾವರ ಪೂರ್ಣ ಹೊರೆ ಹೊತ್ತ ದಿನವೇ, ಹತ್ತಿರದ ಮನೆಯ ಕಿಟಕಿಯ ಬಳಿ ಇಡತಕ್ಕದ್ದು.