ಸಂಗೀತ ವಿದ್ಯೆ ಎಲ್ಲ ಮಕ್ಕಳಿಗೂ ದೊರೆಯಲಿ

ಸಂಗೀತ ಕಲಿಯಬೇಕೆಂಬ ಆಸೆ ಅನೇಕ ಮಕ್ಕಳಲ್ಲಿರುತ್ತದೆ. ಆದರೆ ಆಸೆಯೊಂದರಿಂದಲೇ ವಿದ್ಯೆ ಬಾರದು. ಗುರು ಬೇಕು, ವಾದ್ಯ ಬೇಕು, ಅಭ್ಯಾಸಕ್ಕೆ ಸ್ಥಳ ಬೇಕು, ಹೋಗಿಬರುವ ಅನುಕೂಲ ಬೇಕು. ಇವುಗಳಲ್ಲಿ ಒಂದು ಇಲ್ಲವಾದರೂ ಕಲಿಕೆ ನಡುವೆಯೇ ನಿಂತುಹೋಗುತ್ತದೆ. ಈ ಅಡಚಣೆಯನ್ನು ಹಿರಿಯರು ಹೇಗೆ ಪರಿಹರಿಸಿದರೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಗದುಗಿನ ಮಾದರಿ

ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಜನಿಸಿದರು. ಹುಟ್ಟಿನಿಂದಲೇ ಅಂಧರು. ಹಾನಗಲ್ಲ ಕುಮಾರಸ್ವಾಮಿಗಳು ಬಾಲಕನ ಪ್ರತಿಭೆಯನ್ನು ಗುರುತಿಸಿ ಶಿಕ್ಷಣದ ಏರ್ಪಾಡು ಮಾಡಿದರು. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕರಗತ ಮಾಡಿಕೊಂಡ ಗವಾಯಿಗಳು ಆ ವಿದ್ಯೆಯನ್ನು ಅಂಧ, ಅನಾಥ, ಬಡ ಮಕ್ಕಳಿಗೆ ಧಾರೆಯೆರೆದರು. ಮೊದಲು ಅವರ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಶಿಷ್ಯರೊಡನೆ ಊರೂರು ಸಂಚರಿಸುತ್ತಲೇ ಪಾಠ ನಡೆಯುತ್ತಿತ್ತು. ಮುಂದೆ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದ ಬಳಿಕ, ಬಾಲ್ಯದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ಬೆಳೆಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆಶ್ರಮವು ಶುಲ್ಕವನ್ನು ಬಿಟ್ಟುದಷ್ಟೇ ಅಲ್ಲ, ಊಟ, ವಸತಿ, ಪಾಠ ಮೂರನ್ನೂ ಒಂದೇ ಸೂರಿನಡಿ ಜಾತಿಭೇದವಿಲ್ಲದೆ ಒದಗಿಸಿತು. ಭಕ್ತರ ಕಾಣಿಕೆ, ನಾಟಕ ಕಂಪನಿಯ ಗಳಿಕೆ, ಪುಟ್ಟರಾಜರಿಗೆ ಸಲ್ಲುತ್ತಿದ್ದ ತುಲಾಭಾರದ ಹಣ ಇದಕ್ಕೆ ಆಧಾರವಾದವು. ಬಸವರಾಜ ರಾಜಗುರು, ಎಂ. ವೆಂಕಟೇಶಕುಮಾರ್ ಅವರಂತಹ ಗಾಯಕರು ಈ ಪರಂಪರೆಯಲ್ಲಿ ಬೆಳೆದವರು.

ನಮ್ಮ ಗಡಿಯೂರಿನಲ್ಲಿ

ಕುಂಜತ್ತೂರು ತಲಪಾಡಿ ಗಡಿಗೆ ಹತ್ತಿರದ ಊರು. 1956ರಿಂದ ಕೇರಳದಲ್ಲಿದ್ದರೂ ಅನೇಕ ಕೆಲಸಗಳಿಗೆ ಇಲ್ಲಿಯವರು ಮಂಗಳೂರನ್ನೇ ನೆಚ್ಚಿದ್ದಾರೆ. ಸಂಗೀತಕ್ಕೂ ಹಾಗೆಯೇ ಆದರೆ, ಬಸ್ಸಿನ ಖರ್ಚು ಭರಿಸಬಲ್ಲ ಮನೆಯ ಮಕ್ಕಳು ಮಾತ್ರ ಕಲಿತಾರು. ಸಂಜೆ ತಡವಾಗುವುದೆಂದು ಹೆಣ್ಣುಮಕ್ಕಳ ಪಾಠ ಮೊದಲು ನಿಂತೀತು. ಕೇರಳದ ಶಾಲಾ ಕಲೋತ್ಸವದಲ್ಲಿ ಸಂಗೀತಕ್ಕೂ ಯಕ್ಷಗಾನಕ್ಕೂ ಸ್ಥಾನವಿದೆ, ನಿಜ. ಆದರೆ ಸ್ಪರ್ಧೆಗಾಗಿ ಕೆಲವು ವಾರ ಮಾಡುವ ತಯಾರಿ, ವರ್ಷವಿಡೀ ನಡೆಯುವ ಪಾಠಕ್ಕೆ ಸಮವಲ್ಲ.

ಇಪ್ಪತ್ತು ಮಕ್ಕಳು ಪೇಟೆಗೆ ಹೋಗುವ ಬದಲು ಒಬ್ಬ ಗುರು ಊರಿಗೆ ಬರುವುದು ಸುಲಭ. ವಾರಕ್ಕೆ ಎರಡು ದಿನ, ಶಾಲೆ ಬಿಟ್ಟ ಮೇಲೆ, ಕತ್ತಲಾಗುವ ಮೊದಲು ಪಾಠ ಮುಗಿಯಲಿ. ಶಾಲೆಯ ಕೊಠಡಿ, ವಾಚನಾಲಯ ಅಥವಾ ಎಲ್ಲ ಮತದ ಮಕ್ಕಳೂ ಸಂಕೋಚವಿಲ್ಲದೆ ಬರಬಹುದಾದ ಯಾವ ಸ್ಥಳವಾದರೂ ಆದೀತು. ಹಾರ್ಮೋನಿಯಂ, ತಬಲಾ, ಮದ್ದಳೆ ಅಲ್ಲಿಯೇ ಇದ್ದರೆ ಮನೆಯಲ್ಲಿ ವಾದ್ಯವಿಲ್ಲದ ಮಗುವೂ ಸಾಧನೆ ಮಾಡಬಲ್ಲದು. ಗುರುಗಳ ಸಂಭಾವನೆ ಮತ್ತು ಪ್ರಯಾಣದ ಖರ್ಚನ್ನು ಊರವರು ಹಂಚಿಕೊಳ್ಳಲಿ. ಸ್ವರಪಾಠವನ್ನು ಕಿವಿಯಿಂದಲೇ ಕಲಿಯಬಹುದಾದುದರಿಂದ ದೃಷ್ಟಿಯಿಲ್ಲದ ಮಕ್ಕಳನ್ನು ಹುಡುಕಿ ಕರೆತರುವುದು ನಮ್ಮ ಹೊಣೆ.

ಚಿಂತನೆಗೆ

1. ನಿಮ್ಮ ಓಣಿಯಲ್ಲಿ ಹಾಡುವ ಆಸೆಯಿದ್ದೂ ಪಾಠಕ್ಕೆ ಹೋಗದ ಮಕ್ಕಳು ಎಷ್ಟು? ಅವರಿಗಿರುವ ಅಡ್ಡಿ ಯಾವುದು?
2. ವಾರಕ್ಕೆ ಎರಡು ಸಂಜೆ ತೆರೆದಿಡಬಹುದಾದ ಕೊಠಡಿ ಊರಿನಲ್ಲಿ ಎಲ್ಲಿದೆ?
3. ಬಳಸದೆ ಮೂಲೆ ಸೇರಿದ ವಾದ್ಯ ಯಾರ ಮನೆಯಲ್ಲಿದೆ?

ಈ ಮೂರಕ್ಕೂ ಉತ್ತರ ದೊರೆತ ದಿನವೇ ಪಾಠ ಆರಂಭಿಸಬಹುದು.