ಹಳೆಯ ಗಣಕಯಂತ್ರದ ಡ್ರೈವ್ ತೆರೆಯದಿದ್ದಾಗ: ವಿಲೇವಾರಿ ಠರಾವಿಗೆ ಮುನ್ನ ತಿಳಿದಿರಬೇಕಾದ ಸಂಗತಿಗಳು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಮುಂದೆ, ನಿರುಪಯುಕ್ತ ಸಾಮಗ್ರಿಗಳ ವಿಲೇವಾರಿ ಪಟ್ಟಿಯಲ್ಲಿ ಮುರಿದ ಕುರ್ಚಿಗಳ ಜೊತೆಗೆ ಹಳೆಯ ಗಣಕಯಂತ್ರವೂ ಬರುವುದುಂಟು. ಕುರ್ಚಿಯ ವಿಷಯದಲ್ಲಿ ಚರ್ಚೆಗೆ ಆಸ್ಪದವಿಲ್ಲ. ಗಣಕಯಂತ್ರದ ವಿಷಯದಲ್ಲಿ ಮಾತ್ರ ಒಂದು ಪ್ರಶ್ನೆ ಕೇಳಲೇಬೇಕು: ಅದರ ಹಾರ್ಡ್ ಡಿಸ್ಕ್‌ನಲ್ಲಿದ್ದ ಕಡತಗಳು ಎಲ್ಲಿವೆ?

ಇ-ಸ್ವತ್ತು ಹಾಗೂ ಪಂಚತಂತ್ರ ತಂತ್ರಾಂಶಗಳಲ್ಲಿ ದಾಖಲಾದ ಮಾಹಿತಿಯು ದೂರದ ಸರ್ವರ್‌ನಲ್ಲಿರುವುದರಿಂದ ಕಚೇರಿಯ ಯಂತ್ರ ಕೆಟ್ಟರೂ ಅದಕ್ಕೆ ಧಕ್ಕೆಯಿಲ್ಲ. ಆದರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಸಭಾ ನಡಾವಳಿಗಳು, ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ಕರ ಬೇಡಿಕೆ-ವಸೂಲಿ-ಬಾಕಿ ತಃಖ್ತೆಗಳು, ಮಳೆಹಾನಿಯ ಮನೆಗಳ ಛಾಯಾಚಿತ್ರಗಳು ಆ ಒಂದು ಡಿಸ್ಕ್‌ನಲ್ಲಿ ಮಾತ್ರ ಇರಬಹುದು. 1933ರ ನಂತರ ಮೊದಲ ಬಾರಿಗೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದ ಮಳೆಗಾಲದಲ್ಲಿ ತೆಗೆದ ಚಿತ್ರಗಳನ್ನು ಮತ್ತೊಮ್ಮೆ ತೆಗೆಯಲು ಸಾಧ್ಯವಿಲ್ಲ.

ಒಂದು ಉದಾಹರಣೆಯನ್ನು ಊಹಿಸೋಣ. ನಿವೇಶನ ಹಂಚಿಕೆ ಕುರಿತ 2011ರ ನಡಾವಳಿಯ ನಕಲನ್ನು ಅರ್ಜಿದಾರರೊಬ್ಬರು ಕೋರುತ್ತಾರೆ. ನಡಾವಳಿ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ. ಬೆರಳಚ್ಚು ಪ್ರತಿ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರದಲ್ಲಿದೆ. ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಕೊನೆಗೊಂಡಿದೆ. ಬೆಂಬಲ ನಿಂತಿದ್ದರೂ ಯಂತ್ರ ಕೆಲಸ ಮಾಡುತ್ತದೆ. ಆದರೆ ಅದನ್ನು ಅಂತರಜಾಲಕ್ಕೆ ಜೋಡಿಸದೆ ಕಡತ ತೆಗೆಯಲು ಮಾತ್ರ ಬಳಸುವುದು ಕ್ಷೇಮ.

ಮೊದಲ ತೊಡಕು ಸಾಮಾನ್ಯವಾಗಿ ಇಲ್ಲಿಯೇ ಎದುರಾಗುತ್ತದೆ. ನಕಲು ಮಾಡಿಕೊಳ್ಳಲೆಂದು ಹೊಸದಾಗಿ ಖರೀದಿಸಿದ 4 ಟಿಬಿ ಬಾಹ್ಯ ಡಿಸ್ಕ್ ಅನ್ನು ಜೋಡಿಸಿದರೆ ಹಳೆಯ ಯಂತ್ರ ಅದನ್ನು ಗುರುತಿಸುವುದಿಲ್ಲ. ಹೊಸ ಡಿಸ್ಕ್ ಕೆಟ್ಟಿದೆ ಎಂದು ಅಂಗಡಿಗೆ ಹಿಂದಿರುಗಿಸುವ ಅಗತ್ಯವಿಲ್ಲ. ದೊಡ್ಡ ಡಿಸ್ಕ್‌ಗಳ ವಿಭಾಗಗಳನ್ನು ಜಿಪಿಟಿ ಎಂಬ ಕ್ರಮದಲ್ಲಿ ಬರೆದಿರುತ್ತಾರೆ; 32 ಬಿಟ್‌ನ ಎಕ್ಸ್‌ಪಿ ಆ ಕ್ರಮವನ್ನು ಓದಲಾರದು. ಅದು ಬಲ್ಲ ಹಳೆಯ ಎಂಬಿಆರ್ ಕ್ರಮದ ಮಿತಿ 2 ಟಿಬಿ. ಫ್ಯಾಟ್32 ವಿಧಾನದಲ್ಲಿ ಸಿದ್ಧಪಡಿಸಿದ 16 ಅಥವಾ 32 ಜಿಬಿ ಪೆನ್‌ಡ್ರೈವ್ ಬಳಸಿದರೆ ಕೆಲಸ ಸುಸೂತ್ರವಾಗುತ್ತದೆ. ಅದರಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತ ಹಿಡಿಯದು ಎಂಬುದಷ್ಟೇ ಮಿತಿ. ನಡಾವಳಿಗಳಿಗೆ ಈ ಮಿತಿ ಅಡ್ಡಬರುವುದಿಲ್ಲ.

ಯಂತ್ರ ಚಾಲೂ ಆಗದಿದ್ದರೆ ಡಿಸ್ಕ್ ಅನ್ನು ಹೊರತೆಗೆದು, ಯುಎಸ್‌ಬಿ ಪರಿವರ್ತಕ ಕೇಬಲ್ ಮೂಲಕ ಹೊಸ ಗಣಕಯಂತ್ರಕ್ಕೆ ಜೋಡಿಸಬೇಕಾಗುತ್ತದೆ. ಮೇಜಿನ ಗಣಕಯಂತ್ರದ ಡಿಸ್ಕ್‌ಗೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಬೇಕು. ಅದಿಲ್ಲದೆ ಬರಿಯ ಯುಎಸ್‌ಬಿಯಿಂದ ಅದು ತಿರುಗುವುದಿಲ್ಲ. ಅಗಲವಾದ ಪಟ್ಟಿ ಕೇಬಲ್‌ನ ಐಡಿಇ ಡಿಸ್ಕ್‌ಗೆ ಬೇರೆಯದೇ ಪರಿವರ್ತಕವಿದೆ. ಡಿಸ್ಕ್ ಜೋಡಣೆಯಾದರೂ ಡ್ರೈವ್ ಕಾಣದಿದ್ದರೆ, ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಅದಕ್ಕೆ ಡ್ರೈವ್ ಅಕ್ಷರ ನೀಡಲಾಗಿದೆಯೇ ಎಂದು ಪರಿಶೀಲಿಸಬೇಕು.

ಅತ್ಯಂತ ಎಚ್ಚರ ವಹಿಸಬೇಕಾದ ಹಂತ ಇದೇ. ಪರದೆಯ ಮೇಲೆ ‘ಡಿಸ್ಕ್ ಅನ್ನು ಫಾರ್ಮ್ಯಾಟ್ ಮಾಡಬೇಕೇ’ ಅಥವಾ ‘ಇನಿಶಿಯಲೈಸ್ ಮಾಡಬೇಕೇ’ ಎಂಬ ಪ್ರಶ್ನೆ ಮೂಡಬಹುದು. ಎರಡಕ್ಕೂ ಉತ್ತರ ‘ಬೇಡ’ ಎಂದೇ ಇರಬೇಕು. ಹೊಸ ಯಂತ್ರವು ತನಗೆ ಓದಲು ಬಾರದ ಡಿಸ್ಕ್ ಅನ್ನು ಖಾಲಿ ಡಿಸ್ಕ್‌ನಂತೆ ಕಾಣುತ್ತದೆ. ಸರಿ ಎಂದು ಒಪ್ಪಿದರೆ ಒಳಗಿನ ಕಡತಗಳ ಸೂಚಿ ಅಳಿಸಿಹೋಗುತ್ತದೆ. ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಕೂಡಲೇ ವಿದ್ಯುತ್ ತೆಗೆದು, ದತ್ತಾಂಶ ಮರಳಿ ಪಡೆಯುವ ತಜ್ಞರಿಗೆ ಒಪ್ಪಿಸುವುದು ಸೂಕ್ತ. ಇಂತಹ ಡಿಸ್ಕ್ ಮೇಲೆ ದುರಸ್ತಿ ಆದೇಶಗಳನ್ನು ಓಡಿಸಬಾರದು.

ಡ್ರೈವ್ ತೆರೆದು, ಒಳಗಿನ ಫೋಲ್ಡರ್ ಮಾತ್ರ ‘ಪ್ರವೇಶ ನಿರಾಕರಿಸಲಾಗಿದೆ’ ಎಂದರೆ ಗಾಬರಿಗೆ ಕಾರಣವಿಲ್ಲ. ವಿಂಡೋಸ್ ಫೋಲ್ಡರ್‌ನ ಒಡೆತನವನ್ನು ಬಳಕೆದಾರರ ಹೆಸರಿನಿಂದಲ್ಲ, ಆಂತರಿಕ ಸಂಖ್ಯೆಯೊಂದರಿಂದ ಗುರುತಿಸುತ್ತದೆ. ಹೊಸ ಯಂತ್ರದಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಆ ಸಂಖ್ಯೆ ಬೇರೆಯಾಗಿರುತ್ತದೆ. ಅಡ್ಮಿನಿಸ್ಟ್ರೇಟರ್ ಅಧಿಕಾರವುಳ್ಳವರು ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್ ಎಂಬಲ್ಲಿಗೆ ಹೋಗಿ ಒಳಗಿನ ಫೋಲ್ಡರ್‌ಗಳನ್ನೂ ಸೇರಿಸಿ ಒಡೆತನ ಬದಲಿಸಿಕೊಂಡರೆ ಸಾಮಾನ್ಯವಾಗಿ ಕಡತಗಳು ತೆರೆಯುತ್ತವೆ. ಎಕ್ಸ್‌ಪಿಯಲ್ಲಿ ಗೂಢಲಿಪಿಗೊಳಿಸಿ ಇಟ್ಟಿದ್ದ ಕಡತಗಳಿಗೆ, ಅಂದರೆ ಹಸಿರು ಬಣ್ಣದ ಹೆಸರುಳ್ಳವುಗಳಿಗೆ, ಈ ಉಪಾಯ ಸಾಲದು. ಹಳೆಯ ಯಂತ್ರದ ಕೀಲಿ ಪ್ರಮಾಣಪತ್ರವೇ ಬೇಕು.

ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಕಂಡರೆ ಕಡತ ಹಾಳಾಗಿದೆ ಎಂದು ತೀರ್ಮಾನಿಸುವುದು ಅವಸರವಾದೀತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯ ಹಳೆಯ ಆವೃತ್ತಿಗಳ ಬರಹ ಯೂನಿಕೋಡ್‌ನಲ್ಲಿಲ್ಲ. ಆ ಅಕ್ಷರ ವಿನ್ಯಾಸವನ್ನು ಹೊಸ ಯಂತ್ರದಲ್ಲಿ ಅಳವಡಿಸಿದರೆ ನಡಾವಳಿ ಮೊದಲಿನಂತೆಯೇ ಕಾಣುತ್ತದೆ. ಬಳಿಕ ಯೂನಿಕೋಡ್‌ಗೆ ಪರಿವರ್ತಿಸಬಹುದು. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ತಪ್ಪುವುದುಂಟು. ಆದ್ದರಿಂದ ಸರ್ವೆ ನಂಬರು ಮತ್ತು ಹೆಸರುಗಳನ್ನು ಮೂಲದೊಂದಿಗೆ ತಾಳೆ ನೋಡದೆ ನಕಲು ನೀಡತಕ್ಕದ್ದಲ್ಲ.

ಸಭೆಗೆ ಬರುವ ವಿಲೇವಾರಿ ವಿಷಯದಲ್ಲಿ ಡಿಸ್ಕ್‌ನ ಪ್ರತಿ ಎಲ್ಲಿದೆ, ಅದನ್ನು ತೆರೆದು ನೋಡಿದವರು ಯಾರು, ಯಾವ ದಿನಾಂಕದಂದು ಎಂಬುದನ್ನು ನಮೂದಿಸುವಂತೆ ಸದಸ್ಯರು ಕೇಳಬಹುದು. ಫಲಾನುಭವಿಗಳ ಆಧಾರ್ ಹಾಗೂ ಬ್ಯಾಂಕ್ ವಿವರಗಳಿರುವ ಡಿಸ್ಕ್ ಗುಜರಿಗೆ ಹೋಗಕೂಡದು. ಡಿಲೀಟ್ ಮಾಡಿದ ಕಡತಗಳನ್ನು ಮರಳಿ ತೆಗೆಯಲು ಸಾಧ್ಯ. ಪ್ರತಿ ಸರಿಯಿದೆಯೆಂದು ಖಚಿತವಾದ ಮೇಲೆ ಡಿಸ್ಕ್‌ನ ಪೂರ್ಣ ಮೇಲ್ಬರಹ ಮಾಡಿಸಬೇಕು. ಅಲ್ಲಿಯವರೆಗೆ ಅದನ್ನು ಹೊರತೆಗೆದು, ಯಂತ್ರದ ದಾಸ್ತಾನು ಸಂಖ್ಯೆ ಬರೆದ ಚೀಟಿ ಅಂಟಿಸಿ, ಕಚೇರಿಯ ಬೀರುವಿನಲ್ಲಿ ತೇವ ತಾಗದಂತೆ ಇಡುವುದು.